ಲಕ್ಷಕ್ಕೊಬ್ಬರಿಗೂ ಬರಲ್ಲ ಅಂದ ಕ್ಯಾನ್ಸರ್, ಆಸ್ಪತ್ರೆ ಬೆಂಚಿನ ಮೇಲೆ ನಮ್ಮ ಕಡೆಯವರೇ ಮೂವರು. ಹೇಗೆ?

ಹೊಳಲ್ಕೆರೆ ಮಾವ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆಯಲ್ಲಿ, ಅಕ್ಕನ ಊರು ಹೊಳಲ್ಕೆರೆ ಹತ್ತಿರ. ಅಕ್ಕನ ಮಗನಿಗೆ 16 ವರ್ಷ. ಕಬಡ್ಡಿ ಹುಚ್ಚು. ಯುಗಾದಿ ಹೊತ್ತಿಗೆ ಬಲ ಮಂಡಿಯ ಮೇಲ್ಗಡೆ ನೋವು ಅಂದ. ಆಟದಲ್ಲಿ ಏಟು ಬಿದ್ದಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದೆವು. ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿದೆವು. ಹಗಲು ಸುಮ್ನೆ ಇರುತ್ತಿದ್ದ ಹುಡುಗ ರಾತ್ರಿ ಎದ್ದು ಕೂತು ಕಾಲು ಹಿಡಿದುಕೊಳ್ಳುತ್ತಿದ್ದ. ಎರಡೂವರೆ ತಿಂಗಳು ಹಾಗೇ ಹೋಯಿತು.

ಆಮೇಲೆ ಎಕ್ಸ್‌ರೇ. ಆಮೇಲೆ ಇಲ್ಲೇ ಒಂದು ಕಡೆ ಬಯಾಪ್ಸಿ. ರಿಪೋರ್ಟಿನಲ್ಲಿ 'ಹೈ ಗ್ರೇಡ್ ಸಾರ್ಕೋಮಾ' ಅಂತ ಎರಡೇ ಸಾಲು. ಮೂಳೆ, ಮಾಂಸದಂಥ ಕಡೆ ಹುಟ್ಟುವ, ಬೇಗ ಬೆಳೆಯುವ ಕ್ಯಾನ್ಸರ್ ಅಂತೆ. ಈಗ ಬೆಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಅಲ್ಲಿನ ಡಾಕ್ಟರು "ಇದು ತುಂಬ ಅಪರೂಪ, ಲಕ್ಷಕ್ಕೊಬ್ಬರಿಗೂ ಬರಲ್ಲ" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತರೆ ಪಕ್ಕದಲ್ಲಿ ಹರಿಹರದವರು, ಅವರ ಪಕ್ಕ ಹೊಸದುರ್ಗದವರು. ಇಬ್ಬರ ಮಕ್ಕಳಿಗೂ ಮೂಳೆ ಗಡ್ಡೆ. ಅಪರೂಪದ್ದು ಒಂದೇ ಬೆಂಚಿನ ಮೇಲೆ ಮೂರು ಹೇಗೆ ಬರುತ್ತೆ? ನಮ್ಮ ಕಡೆ ಜಾಸ್ತಿ ಆಗ್ತಿದೆಯಾ? ನೀರಾ, ಗಣಿ ಧೂಳಾ? ಇದನ್ನೆಲ್ಲ ಯಾರಾದರೂ ಎಣಿಸುತ್ತಿದ್ದಾರಾ?

ಜಗಳೂರು ಬಿಸಿಲು | ಸೋಮವಾರ, ರಾತ್ರಿ 10:15

ಮೊದಲು ಧೈರ್ಯ ತಗೊಳ್ಳಿ ಸಾರ್. ನನ್ನ ಕೇಳಿದರೆ ನೀರೇ. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಅಪ್ಪನ ಬೆನ್ನು ಬಗ್ಗಿದ್ದು 45ಕ್ಕೆ. ಮಕ್ಕಳ ಹಲ್ಲು ನೋಡಿದರೆ ಅಳು ಬರುತ್ತೆ. ಮೂಳೆ ಹಾಳು ಮಾಡುವ ನೀರು ಮೂಳೆಗೆ ಕ್ಯಾನ್ಸರ್ ತರಲ್ಲ ಅಂತ ಯಾರು ಹೇಳಬಲ್ಲರು?

ಗಾಜಿನ ಸ್ಲೈಡು | ಸೋಮವಾರ, ರಾತ್ರಿ 11:30

ನಾನು ಡಾಕ್ಟರ್ ಅಲ್ಲ. ಕ್ಯಾನ್ಸರ್ ನೋಂದಣಿ ಕೆಲಸದಲ್ಲಿ ಬೆಂಗಳೂರಿನಲ್ಲಿ ಬಹಳ ವರ್ಷ ಫಾರಂ ತುಂಬಿದವನು. ಈಗ ನಿವೃತ್ತಿ, ವಿದ್ಯಾನಗರದಲ್ಲಿ ಮನೆ.

ಮಾವ, ಎಣಿಸುತ್ತಾರೆ. ಐಸಿಎಂಆರ್, ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿತು. ಬೆಂಗಳೂರು, ಮುಂಬೈ, ಚೆನ್ನೈ ಮೊದಲ ಊರುಗಳು. ಬೆಂಗಳೂರಿನದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಡೆಯುತ್ತೆ. ಆದರೆ ಇದರಲ್ಲಿ ಎರಡು ತರಹ ಇದೆ. ಆಸ್ಪತ್ರೆ ನೋಂದಣಿ ಅಂದರೆ ಆ ಬಾಗಿಲಿಗೆ ಬಂದವರ ಲೆಕ್ಕ. ಜನಸಂಖ್ಯೆ ನೋಂದಣಿ ಅಂದರೆ ಒಂದು ಗೊತ್ತಾದ ಪ್ರದೇಶದಲ್ಲಿ ವಾಸ ಇರುವವರಲ್ಲಿ ಎಷ್ಟು ಜನಕ್ಕೆ ಬಂತು ಅನ್ನುವ ಲೆಕ್ಕ. 'ಜಾಸ್ತಿ ಆಗ್ತಿದೆಯಾ' ಅನ್ನುವ ನಿಮ್ಮ ಪ್ರಶ್ನೆಗೆ ಎರಡನೆಯದೇ ಬೇಕು. 2012ರಿಂದ 2016ರವರೆಗಿನ ದೊಡ್ಡ ವರದಿಯಲ್ಲಿ ದೇಶದ 28 ಜನಸಂಖ್ಯೆ ನೋಂದಣಿಗಳಿದ್ದವು. ಕರ್ನಾಟಕದಿಂದ ಬೆಂಗಳೂರು ಒಂದೇ. ಎಲ್ಲಾ ಸೇರಿದರೂ ದೇಶದ ಸುಮಾರು ಹತ್ತನೇ ಒಂದು ಭಾಗದ ಜನ. ಹಳ್ಳಿ ಕಡೆಯದು ಬೆರಳೆಣಿಕೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಒಂದು ನಡೆಯುತ್ತಿದೆ, ನಮ್ಮ ಬಯಲುಸೀಮೆಗೆ ಹೋಲುವ ಊರು ಅಂದರೆ ಅದೇ.

ಅಂದರೆ ಹೊಳಲ್ಕೆರೆ ಹುಡುಗ ಬೆಂಗಳೂರಿನ ಆಸ್ಪತ್ರೆ ಲೆಕ್ಕಕ್ಕೆ ಬಂದ, ಬೆಂಗಳೂರಿನ ಜನಸಂಖ್ಯೆ ಲೆಕ್ಕಕ್ಕೆ ಬರಲಿಲ್ಲ. ಬರಲೂ ಬಾರದು, ಅವನು ಅಲ್ಲಿಯವನಲ್ಲ. ಚಿತ್ರದುರ್ಗಕ್ಕೆ ಅಂಥ ಲೆಕ್ಕದ ಪುಸ್ತಕವೇ ಆ ವರದಿಯಲ್ಲಿ ಇರಲಿಲ್ಲ.

ಲೆಕ್ಕದ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 6:50

ಬೆಂಚಿನ ವಿಷಯ ನಾನು ಹೇಳುತ್ತೇನೆ. ದುರ್ಗದಲ್ಲಿ ಪಿಯು ಮಕ್ಕಳಿಗೆ ಲೆಕ್ಕ ಹೇಳುವವನು.

'ಅಪರೂಪ' ಅನ್ನುವುದಕ್ಕೆ ಯುರೋಪಿನವರ ಅಳತೆ: ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ. ಅಮೆರಿಕದವರು 15ಕ್ಕಿಂತ ಕಡಿಮೆ ಅನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 16.6 ಲಕ್ಷ. ಯುರೋಪಿನ ಗೆರೆ ಇಲ್ಲಿಗೆ ಹಾಕಿದರೆ ವರ್ಷಕ್ಕೆ 100. ಅಂದರೆ ಒಂದು ಜಾತಿಯ ಕ್ಯಾನ್ಸರ್ ಇಡೀ ಜಿಲ್ಲೆಯಲ್ಲಿ 90 ಜನಕ್ಕೆ ಬಂದರೂ ಅದು 'ಅಪರೂಪ'ವೇ! ಮೂಳೆಯ ಆಸ್ಟಿಯೋಸಾರ್ಕೋಮಾ ಇದಕ್ಕಿಂತ ಎಷ್ಟೋ ಕೆಳಗೆ, ಹತ್ತು ಲಕ್ಷಕ್ಕೆ ಮೂರೋ ನಾಲ್ಕೋ. ಅದೇ ದರ ಇಲ್ಲಿಗೂ ಹಾಕಿದರೆ ನಮ್ಮ ಜಿಲ್ಲೆಗೆ ವರ್ಷಕ್ಕೆ ಐದಾರು. ದಾವಣಗೆರೆಯನ್ನೂ ಸೇರಿಸಿದರೆ ಹತ್ತು ಹನ್ನೆರಡು.

ಈ ಹನ್ನೆರಡು ಮನೆಯವರು ಎಲ್ಲಿಗೆ ಹೋಗುತ್ತಾರೆ? ಎರಡೋ ಮೂರೋ ಆಸ್ಪತ್ರೆಗೆ. ಒಬ್ಬೊಬ್ಬರು ವರ್ಷದಲ್ಲಿ ಹತ್ತಾರು ಸಲ ಹೋಗುತ್ತಾರೆ. ಒಂದೇ ವಿಭಾಗ, ಒಂದೇ ಬೆಂಚು. ಮೂವರು ಸಿಗದೇ ಇದ್ದರೆ ಆಶ್ಚರ್ಯ. ದಾವಣಗೆರೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು 'ಊರಲ್ಲಿ ಎಲ್ಲರ ಕೈಯಲ್ಲೂ ಸೂಟ್‌ಕೇಸ್ ಇದೆ' ಅಂದಂಗೆ.

ಹಳ್ಳಿಗೆ ಬಂದರೆ ಉಲ್ಟಾ. ಐದು ಸಾವಿರ ಜನರ ಊರಲ್ಲಿ ಈ ಗಡ್ಡೆ ಬರುವುದು ಸರಾಸರಿ 50 ವರ್ಷಕ್ಕೊಂದು. ಊರಿನ ಡಾಕ್ಟರು ತಮ್ಮ ಜೀವಮಾನದಲ್ಲಿ ನೋಡಿಯೇ ಇರಲಿಕ್ಕಿಲ್ಲ. ನಿಮ್ಮ ಎರಡೂವರೆ ತಿಂಗಳು ಎಲ್ಲಿ ಹೋಯಿತು ಅನ್ನುವುದಕ್ಕೆ ಇದೂ ಒಂದು ಕಾರಣ. ನಿಮ್ಮದೇ ತಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಜಗಳೂರು ಬಿಸಿಲು | ಮಂಗಳವಾರ, ಬೆಳಿಗ್ಗೆ 8:05

ಮೇಷ್ಟ್ರೇ, ಎಲ್ಲವನ್ನೂ ಸರಾಸರಿ ಅಂತ ಒರೆಸಿ ಹಾಕಬೇಡಿ. ನಮ್ಮ ಪಕ್ಕದ ಊರಲ್ಲಿ ಒಂದೇ ಓಣಿಯಲ್ಲಿ ಮೂರು ಕ್ಯಾನ್ಸರ್ ಇದೆ.

ಲೆಕ್ಕದ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 8:40

ಯಾವ್ಯಾವ ಕ್ಯಾನ್ಸರ್ ಮೇಡಂ?

ಜಗಳೂರು ಬಿಸಿಲು | ಮಂಗಳವಾರ, ಬೆಳಿಗ್ಗೆ 8:52

ಒಂದು ಬಾಯಿ, ಒಂದು ಗರ್ಭಕೋಶದ ಬಾಯಿ, ಇನ್ನೊಂದು ರಕ್ತದ್ದು.

ಲೆಕ್ಕದ ಮೇಷ್ಟ್ರು | ಮಂಗಳವಾರ, ಮಧ್ಯಾಹ್ನ 1:20

ಅವು ಮೂರೂ ಬೇರೆ ಬೇರೆ ಕಾಯಿಲೆ. ಹೆಸರು ಮಾತ್ರ ಒಂದು. ಐಸಿಎಂಆರ್ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು 14.6 ಲಕ್ಷ. ಜೀವಮಾನದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಬರಬಹುದು. ಹಾಗಿರುವಾಗ ಒಂದು ಓಣಿಯಲ್ಲಿ ಮೂರು ಮನೆ ಸಿಗುವುದು ದೊಡ್ಡದಲ್ಲ.

ಮಂಡಕ್ಕಿ ಅಂಗಡಿಗೆ ಹೋಗಿ ಹತ್ತು ಪೊಟ್ಟಣ ಕಟ್ಟಿಸಿ. ಎಲ್ಲಾ ಒಂದೇ ರಾಶಿಯಿಂದ. ಬಿಚ್ಚಿ ಶೇಂಗಾ ಎಣಿಸಿ. ಒಂದರಲ್ಲಿ ಎರಡು, ಒಂದರಲ್ಲಿ ಸೊನ್ನೆ, ಒಂದರಲ್ಲಿ ಏಳು. ಏಳು ಸಿಕ್ಕವನು ಅಂಗಡಿಯವನಿಗೆ ನನ್ನ ಮೇಲೆ ಪ್ರೀತಿ ಅಂದುಕೊಳ್ಳುತ್ತಾನೆ. ಶೇಂಗಾ ಕಡಿಮೆ ಇದ್ದಷ್ಟೂ ಈ ಏರುಪೇರು ಜಾಸ್ತಿ ಕಾಣುತ್ತೆ. ಅದಕ್ಕೇ ಅಪರೂಪದ ಕ್ಯಾನ್ಸರನ್ನು ಒಂದು ತಾಲ್ಲೂಕಿನಲ್ಲಿ, ಒಂದು ವರ್ಷದಲ್ಲಿ ನೋಡಿ ಏನೂ ಹೇಳಲಿಕ್ಕೆ ಆಗಲ್ಲ. ಇಡೀ ದೇಶದ ರಾಶಿ ಬೇಕು, ಹತ್ತಾರು ವರ್ಷ ಬೇಕು.

ಅಡಿಕೆ ಮರ ಚನ್ನಗಿರಿ | ಮಂಗಳವಾರ, ಸಂಜೆ 7:10

ಬಾಯಿ ಕ್ಯಾನ್ಸರ್ ಅಂದ ತಕ್ಷಣ ಈಗ ಯಾರಾದರೂ ನಮ್ಮ ಅಡಿಕೆ ಮೇಲೆ ಬರುತ್ತಾರೆ, ಬರೆದಿಟ್ಟುಕೊಳ್ಳಿ.

ಗಾಜಿನ ಸ್ಲೈಡು | ಮಂಗಳವಾರ, ರಾತ್ರಿ 9:25

ಬರಲೇಬೇಕಾಯಿತು, ಬೇಜಾರು ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಹೊಟ್ಟೆಪಾಡು ಬೇರೆ ಪ್ರಶ್ನೆ, ಅದು ಇಲ್ಲಿ ಬಗೆಹರಿಯಲ್ಲ.

ನಾನು ಬಾಯಿ ಕ್ಯಾನ್ಸರ್ ಮಾತು ಎತ್ತುತ್ತಿರುವುದು ಬೇರೆ ಕಾರಣಕ್ಕೆ. ಯುರೋಪಿನ ಅಪರೂಪದ ಕ್ಯಾನ್ಸರ್ ಪಟ್ಟಿಯಲ್ಲಿ ಬಾಯಿ ಕ್ಯಾನ್ಸರ್ ಇದೆ! ನಮ್ಮ ಗಂಡಸರಲ್ಲಿ ಅದು ಎಲ್ಲಕ್ಕಿಂತ ಮುಂದಿನ ಸಾಲು. ಇನ್ನೊಂದು ಕಡೆಯಿಂದ ನೋಡಿ. ಪಿತ್ತಕೋಶದ ಕ್ಯಾನ್ಸರ್ ನಮ್ಮ ಕಡೆ ಯಾರ ಮನೆಯಲ್ಲೂ ಕೇಳಿರಲ್ಲ. ದೆಹಲಿ, ಬಿಹಾರ, ಅಸ್ಸಾಂ, ಅಂದರೆ ಗಂಗೆ ಬ್ರಹ್ಮಪುತ್ರೆ ಬಯಲಿನಲ್ಲಿ ಹೆಂಗಸರಿಗೆ ಅದು ಮಾಮೂಲಿ ಅನ್ನುವಷ್ಟು. ಮೂಗಿನ ಹಿಂದೆ ಗಂಟಲಲ್ಲಿ ಬರುವ ಒಂದು ಕ್ಯಾನ್ಸರ್ ದೇಶದ ಹೆಚ್ಚಿನ ಕಡೆ ಅಪರೂಪ, ನಾಗಾಲ್ಯಾಂಡಿನ ಕಡೆ ಜಾಸ್ತಿ. ದೇಶಕ್ಕೆ ಒಂದೇ ಸರಾಸರಿ ತೆಗೆದರೆ ಇವೆಲ್ಲ ಮುಚ್ಚಿ ಹೋಗುತ್ತವೆ.

ಫ್ಲೋರೈಡ್ ಬಗ್ಗೆ: ಅದೇ ಸಂಸ್ಥೆ 1987ರಲ್ಲಿ ಕುಡಿಯುವ ನೀರಿನ ಫ್ಲೋರೈಡನ್ನು ಮೂರನೇ ಗುಂಪಿಗೆ ಹಾಕಿತು. ಅಂದರೆ ಕ್ಯಾನ್ಸರ್ ತರುತ್ತೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಹಲ್ಲು, ಬೆನ್ನು, ಮಂಡಿ ಹಾಳು ಮಾಡುವುದು ನೂರಕ್ಕೆ ನೂರು ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು ಅನ್ನಲು ಆ ಕಾರಣವೇ ಸಾಕು, ಕ್ಯಾನ್ಸರ್ ಹೆಸರು ಬೇಕಿಲ್ಲ.

ಜಗಳೂರು ಬಿಸಿಲು | ಮಂಗಳವಾರ, ರಾತ್ರಿ 9:50

ಸರಿ. ಆದರೆ ನಿಮ್ಮಿಬ್ಬರ ಮಾತು ಕೇಳಿದರೆ ಯಾವ ಕಾರ್ಖಾನೆಯವನೂ ನಿಶ್ಚಿಂತೆಯಾಗಿ ಮಲಗಬಹುದು. ಎಲ್ಲಾ ಶೇಂಗಾ ಲೆಕ್ಕ.

ಗಾಜಿನ ಸ್ಲೈಡು | ಬುಧವಾರ, ಬೆಳಿಗ್ಗೆ 7:30

ಇಲ್ಲ ಮೇಡಂ, ನಿಮ್ಮ ಸಿಟ್ಟಿನಲ್ಲಿ ಅರ್ಧ ನಿಜ ಇದೆ. ಅಪರೂಪದ ಕ್ಯಾನ್ಸರೇ ಎಷ್ಟೋ ಸಲ ಮೊದಲ ಗಂಟೆ ಹೊಡೆದಿದೆ.

ಅಮೆರಿಕದ ಲೂಯಿವಿಲ್‌ನಲ್ಲಿ ಪಿವಿಸಿ ಪ್ಲಾಸ್ಟಿಕ್ ಮಾಡುವ ಕಾರ್ಖಾನೆ ಇತ್ತು. ಪಿತ್ತಜನಕಾಂಗದಲ್ಲಿ ಆಂಜಿಯೋಸಾರ್ಕೋಮಾ ಅಂತ ಒಂದು ಕ್ಯಾನ್ಸರ್ ಬರುತ್ತೆ, ಅದನ್ನು ನೋಡಿದ ಡಾಕ್ಟರೇ ಕಡಿಮೆ. ಆ ಒಂದೇ ಕಾರ್ಖಾನೆಯ ಮೂವರು ಕೆಲಸಗಾರರಿಗೆ ಅದು ಬಂದಿದ್ದು 1974ರಲ್ಲಿ ಹೊರಬಿತ್ತು. ವಿನೈಲ್ ಕ್ಲೋರೈಡ್ ಅನ್ನುವ ಅನಿಲ ಸಿಕ್ಕಿಬಿದ್ದಿದ್ದು ಹಾಗೆ. ಅದೇ ಮೂವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ 'ಸಿಗರೇಟು' ಅಂತ ಹೇಳಿ ಫೈಲು ಮುಚ್ಚುತ್ತಿದ್ದರು.

ಬಾಸ್ಟನ್‌ನಲ್ಲಿ 1971ರಲ್ಲಿ ಬೆರಳೆಣಿಕೆಯ ಹುಡುಗಿಯರಿಗೆ, ಆ ವಯಸ್ಸಿನಲ್ಲಿ ಬರಲೇಬಾರದ ಯೋನಿಯ ಕ್ಯಾನ್ಸರ್ ಕಂಡಿತು. ಕೆದಕಿದರೆ ಅವರ ತಾಯಂದಿರಿಗೆ ಬಸುರಿನಲ್ಲಿ ಡಿಇಎಸ್ ಅನ್ನುವ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. 1981ರಲ್ಲಿ ಕಪೋಸಿ ಸಾರ್ಕೋಮಾ ಅನ್ನುವ, ಚರ್ಮದ ಮೇಲೆ ಕಾಣುವ ಅಪರೂಪದ ಕ್ಯಾನ್ಸರ್ ಅಮೆರಿಕದ ಯುವಕರಲ್ಲಿ ಕಾಣಿಸಿದ್ದೇ ಏಡ್ಸ್ ಬಗ್ಗೆ ಬಂದ ಮೊದಲ ಸುಳಿವುಗಳಲ್ಲಿ ಒಂದು.

ಮೂರೂ ಕಡೆ ಗಮನಿಸಿ, ಹೆಸರು ಒಂದೇ. ಒಂದೇ ಓಣಿ, ಮೂರು ಬೇರೆ ಕಾಯಿಲೆ ಅಲ್ಲ. ಒಂದೇ ಕಾಯಿಲೆ, ಒಂದೇ ಮೂಲ. ಹೆಸರು ಸರಿಯಾಗಿ ಬರೆದಿದ್ದರಿಂದ ಸಿಕ್ಕಿತು. ಮಾವ, ನಿಮ್ಮ ರಿಪೋರ್ಟಿನ ಎರಡು ಸಾಲು ನನ್ನ ತಲೆಯಲ್ಲಿ ಕೂತಿರುವುದು ಅದಕ್ಕೇ. ಸಂಜೆ ಬಂದು ಬರೆಯುತ್ತೇನೆ.

ಪುಟ್ಟಿ ಅಮ್ಮ | ಬುಧವಾರ, ಮಧ್ಯಾಹ್ನ 3:00

ಹಿರಿಯೂರಿನಿಂದ. ಓದುತ್ತಾ ಇದ್ದೆ, ಬರೆಯಬೇಕು ಅನ್ನಿಸಿತು.

ನನ್ನ ಮಗಳಿಗೆ ರೆಟಿನೋಬ್ಲಾಸ್ಟೋಮಾ ಆಗಿತ್ತು, ಕಣ್ಣಿನದು. ನಾಮಕರಣದ ಫೋಟೋದಲ್ಲಿ ಎಲ್ಲರ ಕಣ್ಣೂ ಕೆಂಪು ಬಿದ್ದಿತ್ತು. ಇವಳ ಬಲಗಣ್ಣು ಕೆಂಪು, ಎಡಗಣ್ಣು ಬಿಳಿ. ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುತ್ತಲ್ಲ, ಹಾಗೆ. ಫೋಟೋದವನು ಅದನ್ನು ತಿದ್ದಿ ಕಪ್ಪು ಮಾಡಿಕೊಟ್ಟ! ದೃಷ್ಟಿ ಬೊಟ್ಟು ಇಟ್ಟುಕೊಂಡು ಐದು ತಿಂಗಳು ಕಳೆದೆವು. ನನ್ನ ತಂಗಿ ಮೊಬೈಲಲ್ಲಿ ತೆಗೆದ ಫೋಟೋದಲ್ಲೂ ಹಾಗೇ ಬಂದಾಗ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಕಣ್ಣು ಒಂದು ಹೋಯಿತು, ಮಗಳು ಉಳಿದಳು. ಈಗ ಏಳನೇ ಕ್ಲಾಸು, ಲೆಕ್ಕದಲ್ಲಿ ಮುಂದೆ.

ಇದು 15ರಿಂದ 18 ಸಾವಿರ ಹೆರಿಗೆಗೆ ಒಂದು ಅಂತೆ. ನಮ್ಮಂಥ ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ. ಆದರೆ ದೇಶದಲ್ಲಿ ಮಕ್ಕಳು ಹುಟ್ಟುವ ಸಂಖ್ಯೆ ದೊಡ್ಡದಲ್ವಾ, ಪ್ರಪಂಚದಲ್ಲಿ ಅತಿ ಹೆಚ್ಚು ಮಕ್ಕಳಿಗೆ ಬರುವುದು ನಮ್ಮ ದೇಶದಲ್ಲೇ ಅಂದರು. ಕೆಲವರಿಗೆ ವಂಶದಿಂದ ಬರುತ್ತೆ. ಅದಕ್ಕೆ ಎರಡನೇ ಮಗು ಹುಟ್ಟಿದ ಕೂಡಲೇ ಕಣ್ಣು ಪರೀಕ್ಷೆ ಮಾಡಿಸಿದೆವು.

ಬಿಳಿ ಹೊಳಪು ಕಂಡರೆ ದಯವಿಟ್ಟು ಫೋಟೋ ತಿದ್ದಿಸಬೇಡಿ.

ಹೊಳಲ್ಕೆರೆ ಮಾವ | ಬುಧವಾರ, ಸಂಜೆ 6:20

ತಾಯಿ, ನಿಮ್ಮ ಮಾತು ಅಕ್ಕನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಗಾಜಿನ ಸ್ಲೈಡು | ಬುಧವಾರ, ರಾತ್ರಿ 10:10

ಪ್ರತಿ ಕ್ಯಾನ್ಸರಿಗೂ ನಾವು ಎರಡು ಗುರುತು ಹಾಕುತ್ತೇವೆ. ಒಂದು ಜಾಗಕ್ಕೆ, ಒಂದು ಜಾತಿಗೆ. ಕಾಲಿನ ಉದ್ದ ಮೂಳೆ ಅಂದರೆ ಸಿ40.2. ಆಸ್ಟಿಯೋಸಾರ್ಕೋಮಾ ಅಂದರೆ 9180/3. ಓರೆ ಗೆರೆ ಆದ ಮೇಲಿನ 3 ಅಂದರೆ ಕೆಟ್ಟ ಗಡ್ಡೆ. ರಿಪೋರ್ಟಿನಲ್ಲಿ ಬರೀ 'ಸಾರ್ಕೋಮಾ' ಅಂತ ಇದ್ದರೆ? 8800/3. ಅಂದರೆ 'ಯಾವುದೋ ಒಂದು ಸಾರ್ಕೋಮಾ'. ಸಾರ್ಕೋಮಾದಲ್ಲಿ 70ಕ್ಕೂ ಹೆಚ್ಚು ಜಾತಿ ಇವೆ. 8800/3 ಅಂತ ಬರೆದ ದಿನ ನನಗೆ ಊಟ ಸೇರುತ್ತಿರಲಿಲ್ಲ ಅಂದರೆ ಸುಳ್ಳಾದೀತು, ಆದರೆ ಕೈ ತಡೆಯುತ್ತಿತ್ತು. ಆ ಮನುಷ್ಯ ಯಾವ ಜಾತಿಯ ಲೆಕ್ಕಕ್ಕೂ ಸೇರದೆ ಹೋದ.

ದೇಶದ ಏರಿಳಿತ ಓದುವಾಗ ಇದು ದೊಡ್ಡ ಮೋಸ ಮಾಡುತ್ತೆ. ಜಿಸ್ಟ್ ಅಂತ ಹೊಟ್ಟೆ ಕರುಳಿನ ಒಂದು ಗಡ್ಡೆ ಇದೆ. 1998ರಲ್ಲಿ ಜಪಾನಿನವರು ಅದರ ಹಿಂದಿನ ಜೀನ್ ತೋರಿಸುವವರೆಗೆ ಅದನ್ನು ನಯ ಸ್ನಾಯುವಿನ ಗಡ್ಡೆ ಅಂತ ಬರೆಯುತ್ತಿದ್ದರು. ಆಮೇಲೆ ನೋಡಿದರೆ ಎಲ್ಲಾ ದೇಶದಲ್ಲೂ ಜಿಸ್ಟ್ ಸರ್ರನೆ ಏರಿತು. ಕಾಯಿಲೆ ಏರಲಿಲ್ಲ, ಹೆಸರು ಬಂತು. ಥೈರಾಯ್ಡ್ ಇನ್ನೊಂದು ತರಹ. ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ಕ್ಕೆ 15 ಪಟ್ಟು ಆಯಿತು. ಸತ್ತವರ ಸಂಖ್ಯೆ ಇದ್ದಲ್ಲೇ ಇತ್ತು. ಕುತ್ತಿಗೆಗೆಲ್ಲ ಸ್ಕ್ಯಾನ್ ಮಾಡಿ ಸಾಸಿವೆ ಕಾಳಷ್ಟರದ್ದನ್ನೂ ಹಿಡಿದು ತಂದಿದ್ದರು. ಕೇರಳದ ನೋಂದಣಿಗಳಲ್ಲೂ ಹೆಂಗಸರ ಥೈರಾಯ್ಡ್ ಮೇಲಿದೆ. ಯಾರಾದರೂ 'ಜಾಸ್ತಿ ಆಗಿದೆ' ಅಂದರೆ ನಾನು ಮೊದಲು ಕೇಳುವುದು, ಕಾಯಿಲೆ ಜಾಸ್ತಿ ಆಯಿತಾ, ಸ್ಕ್ಯಾನ್ ಜಾಸ್ತಿ ಆಯಿತಾ, ಹೆಸರು ಬದಲಾಯಿತಾ ಅಂತ.

ಹೆಸರು ಬರೀ ಲೆಕ್ಕಕ್ಕಲ್ಲ, ಔಷಧಿಗೂ ಬೇಕು. ಜಿಸ್ಟ್ ಅಂತ ಗೊತ್ತಾದರೆ ಇಮ್ಯಾಟಿನಿಬ್ ಮಾತ್ರೆ ಕೆಲಸ ಮಾಡುತ್ತೆ. ಅದು ಮೊದಲು ಬಂದಿದ್ದು ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರಿಗೆ, 2001ರಲ್ಲಿ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪೇಟೆಂಟ್ ಕೊಡಲ್ಲ ಅಂದಿದ್ದರಿಂದ ಅಗ್ಗದ ಮಾತ್ರೆ ಉಳಿಯಿತು. ಅಪರೂಪದ ಕ್ಯಾನ್ಸರಿಗೆ ಸಿಕ್ಕ ದೊಡ್ಡ ಗೆಲುವು ಅದು.

ಈಗ ನಿಮ್ಮ ಕೆಲಸ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಎರಡು ವಸ್ತು ಇರುತ್ತೆ. ಗಾಜಿನ ಸ್ಲೈಡು, ಮತ್ತು ಮೇಣದ ಬ್ಲಾಕು. ಬ್ಲಾಕು ಅಂದರೆ ಬೆರಳುಗುರಿನಷ್ಟು ಮೇಣದಲ್ಲಿ ಹುಡುಗನ ಗಡ್ಡೆಯ ಚೂರು. ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿರುತ್ತೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ನಂಬರ್ ಇರುತ್ತೆ. ಬರೆದುಕೊಟ್ಟು ಎರಡನ್ನೂ ಇಸ್ಕೊಳ್ಳಿ. ರಿಪೋರ್ಟಿನ ನಂಬರೂ ಬ್ಲಾಕಿನ ನಂಬರೂ ಒಂದೇನಾ ಅಂತ ಅಲ್ಲೇ ನೋಡಿ. ಬಿಸಿಲಿಗೆ ನಿಲ್ಲಿಸಿದ ಕಾರಲ್ಲಿ ಬಿಡಬೇಡಿ, ಮೇಣ ಕರಗುತ್ತೆ. ಬೆಂಗಳೂರಿನಲ್ಲಿ ಮೂಳೆ ಗಡ್ಡೆ ದಿನಾ ನೋಡುವ ಪೆಥಾಲಜಿಸ್ಟ್, ಅಂದರೆ ಗಡ್ಡೆಯ ಚೂರು ಪರೀಕ್ಷಿಸಿ ಹೆಸರು ಹೇಳುವ ಡಾಕ್ಟರು, ಮತ್ತೊಮ್ಮೆ ನೋಡಲಿ. ಸಾರ್ಕೋಮಾದಲ್ಲಿ ಎರಡನೇ ಕಣ್ಣು ಬಿದ್ದಾಗ ಹೆಸರು ಬದಲಾಗುವುದು ಹೊಸತಲ್ಲ.

ಹೊಳಲ್ಕೆರೆ ಮಾವ | ಗುರುವಾರ, ಬೆಳಿಗ್ಗೆ 5:45

ಲ್ಯಾಬಿನವರು ಕೊಡಲ್ಲ ಅಂದರೆ?

ಗಾಜಿನ ಸ್ಲೈಡು | ಗುರುವಾರ, ಬೆಳಿಗ್ಗೆ 6:10

ಬೆಂಗಳೂರಿನ ಡಾಕ್ಟರ ಚೀಟಿ ತೋರಿಸಿ. ಜಗಳ ಆಡಬೇಡಿ, ಕೂತುಬಿಡಿ. ಕೊಡುತ್ತಾರೆ.

ಇನ್ನೊಂದು ಮರೆತಿದ್ದೆ. ಆಸ್ಪತ್ರೆ ಫಾರಂನಲ್ಲಿ ಯಾವ ವಿಳಾಸ ಕೊಟ್ಟಿದ್ದೀರಿ?

ಹೊಳಲ್ಕೆರೆ ಮಾವ | ಗುರುವಾರ, ಬೆಳಿಗ್ಗೆ 6:30

ಯಶವಂತಪುರದಲ್ಲಿ ನಮ್ಮ ದೊಡ್ಡಪ್ಪನ ಮಗನ ಮನೆ ಇದೆ. ಅಲ್ಲಿಯದು. ಬೆಂಗಳೂರಿನವರು ಅಂದರೆ ಬೇಗ ನೋಡುತ್ತಾರೆ ಅಂತ ಯಾರೋ ಹೇಳಿದರು.

ಗಾಜಿನ ಸ್ಲೈಡು | ಗುರುವಾರ, ಬೆಳಿಗ್ಗೆ 6:41

ಅದೇ ಆಗಿದ್ದು ನೋಡಿ! ವಾಸ ಅಂದರೆ ಕಡಿಮೆ ಅಂದರೂ ಒಂದು ವರ್ಷ ಇದ್ದ ಜಾಗ. ಇಂಥ ವಿಳಾಸ ಹಿಡಿದು ಯಶವಂತಪುರದ ಮನೆ ಬಾಗಿಲು ತಟ್ಟಿದ್ದೇನೆ ನಾನು. "ಅವರಾ, ಊರಿಗೆ ಹೋದರು" ಅನ್ನುತ್ತಾರೆ. ಯಾವ ಊರು ಅಂತ ಪಕ್ಕದ ಮನೆಯವರಿಗೆ ಗೊತ್ತಿರಲ್ಲ. ಒಂದು ಆಸ್ಪತ್ರೆಯಲ್ಲಿ ಮೂರ್ತಿ, ಇನ್ನೊಂದರಲ್ಲಿ ಮೂರ್ತೆಪ್ಪ, ಲ್ಯಾಬಿನಲ್ಲಿ ಎಸ್. ಮೂರ್ತಿ. ಒಬ್ಬನೇ ಮನುಷ್ಯ, ಮೂರು ಕೇಸು. ವರ್ಷಕ್ಕೆ ಸಾವಿರ ಬರುವ ಕಾಯಿಲೆಯಲ್ಲಿ ಇಂಥದ್ದು ಒಂದು ನುಸುಳಿದರೆ ಲೆಕ್ಕ ಕೆಡಲ್ಲ. ವರ್ಷಕ್ಕೆ ಎರಡು ಬರುವ ಕಾಯಿಲೆಯಲ್ಲಿ ಎರಡು ನಾಲ್ಕಾಗುತ್ತೆ, ಯಾರೋ 'ದುಪ್ಪಟ್ಟಾಗಿದೆ' ಅಂತ ಬರೆಯುತ್ತಾರೆ.

ಅಡಿಕೆ ಮರ ಚನ್ನಗಿರಿ | ಗುರುವಾರ, ಮಧ್ಯಾಹ್ನ 12:15

ಒಂದು ಪ್ರಾಮಾಣಿಕ ಪ್ರಶ್ನೆ. ಇಷ್ಟು ಅಪರೂಪದ್ದಕ್ಕೆ ಇಷ್ಟು ತಲೆ ಯಾಕೆ? ಆ ದುಡ್ಡು ಬಾಯಿ, ಸ್ತನ ಕ್ಯಾನ್ಸರಿಗೆ ಹಾಕಿದರೆ ಜಾಸ್ತಿ ಜನ ಉಳಿಯಲ್ವಾ?

ಲೆಕ್ಕದ ಮೇಷ್ಟ್ರು | ಗುರುವಾರ, ಸಂಜೆ 5:30

ಒಂದೊಂದೇ ತಗೊಂಡರೆ ಚಿಲ್ಲರೆ, ಕೂಡಿಸಿದರೆ ನೋಟು. ಯುರೋಪಿನಲ್ಲಿ ಸುಮಾರು 200 ಜಾತಿಯ ಅಪರೂಪದ ಕ್ಯಾನ್ಸರ್ ಕೂಡಿಸಿದಾಗ ಒಟ್ಟು ಕ್ಯಾನ್ಸರಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬಂತು. ಐದು ವರ್ಷ ಬದುಕುವವರು ಮಾಮೂಲಿ ಕ್ಯಾನ್ಸರಿನಲ್ಲಿ ನೂರಕ್ಕೆ 65, ಅಪರೂಪದ್ದರಲ್ಲಿ 47. ಮಕ್ಕಳಿಗೆ ಬರುವ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಈ ಸಾಲಿನದೇ.

ಅಡಿಕೆ ಮರ ಚನ್ನಗಿರಿ | ಗುರುವಾರ, ಸಂಜೆ 5:48

ಐದರಲ್ಲಿ ಒಂದಾ? ಸರಿ ಬಿಡಿ, ಅದು ಗೊತ್ತಿರಲಿಲ್ಲ.

ಹೊಳಲ್ಕೆರೆ ಮಾವ | ಮುಂದಿನ ಬುಧವಾರ, ರಾತ್ರಿ 8:55

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಲ್ಯಾಬಿನಲ್ಲಿ ಎರಡು ಗಂಟೆ ಕೂತೆ, ಕೊಟ್ಟರು. ಸ್ಲೈಡು ನಾಲ್ಕು, ಬ್ಲಾಕು ಎರಡು. ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿ, ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಬೆಂಗಳೂರಿನಲ್ಲಿ ಹೊಸದಾಗಿ ಕತ್ತರಿಸಿ ನೋಡಿದರು. ಗಡ್ಡೆಯ ಕೋಶಗಳೇ ಹಸಿ ಮೂಳೆ ಕಟ್ಟುತ್ತಿರುವುದು ಕಂಡಿತಂತೆ. ಆಸ್ಟಿಯೋಸಾರ್ಕೋಮಾ ಅಂತ ಪೂರ್ತಿ ಬರೆದಿದ್ದಾರೆ. ಎದೆ ಸ್ಕ್ಯಾನ್ ಸ್ವಚ್ಛ ಇದೆ. ಮೊದಲು ಕಿಮೋ, ಆಮೇಲೆ ಆಪರೇಷನ್, ಮತ್ತೆ ಕಿಮೋ. ಕಾಲು ಉಳಿಸಿಕೊಂಡೇ ಮಾಡಲು ನೋಡೋಣ ಅಂದಿದ್ದಾರೆ. 1970ಕ್ಕೆ ಮೊದಲು ಕಾಲು ತೆಗೆದರೂ ಐದರಲ್ಲಿ ಒಬ್ಬ ಉಳಿಯುವುದು ಕಷ್ಟ ಇತ್ತಂತೆ, ಈಗ ಬೇರೆ ಕಡೆ ಹರಡದೆ ಇದ್ದರೆ ಮೂವರಲ್ಲಿ ಇಬ್ಬರು ಅಂದರು. ಆಯುಷ್ಮಾನ್ ಕಾರ್ಡಿನ ಕೆಲಸವೂ ಆಯಿತು.

ವಿಳಾಸ ತಿದ್ದಿಸಿದೆ. ಕೌಂಟರಿನ ಹುಡುಗಿ "ಯಾಕೆ ಸಾರ್, ಬೆಂಗಳೂರೇ ಇರಲಿ ಬಿಡಿ, ಏನಾಗುತ್ತೆ" ಅಂದಳು. ಇಲ್ಲಮ್ಮ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತ ಬರಿ ಅಂದೆ. ಪಿನ್ ಕೋಡ್ ಕೇಳಿದಳು, ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಹರಿಹರದವರೂ ಸಿಕ್ಕಿದ್ದರು. ಅವರ ಫಾರಂನಲ್ಲಿ ರಾಜಾಜಿನಗರ ಅಂತ ಇದೆ.